ಕಾಕಾ ಎತ್ತಿದ ಫ್ಯಾಕ್ಸು

ಕಲ್ಲೋಳಿಯಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದು ಗೋಡೆ, ಎರಡಕ್ಕೂ ಸೇರಿ ಒಂದೇ ಫೋನ್ ಲೈನು. ಪಾಲಾಗುವಾಗ ಹೊಲ, ಎಮ್ಮೆ, ಹಂಡೆ ಎಲ್ಲ ಹಂಚಿಕೊಂಡಿದ್ದರು. ಲೈನು ಹಂಚಲು ಬರಲಿಲ್ಲ. ನಮ್ಮ ಕಡೆ ಇಂಟರ್ನೆಟ್ಟಿನ ಡಬ್ಬಿ ಮತ್ತು ಬೆಲ್ಲದ ವ್ಯಾಪಾರಕ್ಕೆಂದು ನಾನು ತಂದ ಫ್ಯಾಕ್ಸ್ ಯಂತ್ರ, ಅವನ ಕಡೆ ಒಂದು ರಿಸೀವರು. ಕಾಕಾ ಅದನ್ನು ಎತ್ತಿದರೆ ನನ್ನ ಇಂಟರ್ನೆಟ್ ಸಾಯುತ್ತಿತ್ತು. ಕಾಕಾ ಎತ್ತದ ದಿನವಿರಲಿಲ್ಲ. ಫೋನನ್ನು ಬಡಿದುಕೊಳ್ಳಲು ಬಿಡುವುದೆಂದರೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ ಎಂದು ಅವನ ಲೆಕ್ಕ.

ಅವನ ಹೆಂಡತಿ, ನಮ್ಮ ಕಾಕು, ಎದೆಯಲ್ಲಿ ಗಂಟೆಂದು ಬೆಳಗಾವಿಗೆ ಹೋಗಿ ತೋರಿಸಿಕೊಂಡು ಬಂದಿದ್ದಳು. ಪರೀಕ್ಷೆಯ ವರದಿಯನ್ನು ನನ್ನ ಫ್ಯಾಕ್ಸಿಗೆ ಕಳಿಸುತ್ತೇವೆಂದಿದ್ದರು. ವರದಿ ಫೋನಿನಲ್ಲೇ ಬರುತ್ತದೆ ಎಂದು ಕಾಕಾನಿಗೆ ಹೇಳಿ ನಾನು ಮೂಡಲಗಿ ಪೇಟೆಗೆ ಹೋದೆ.

ಮಧ್ಯಾಹ್ನ ಬಂದರೆ ಕಾಕಾನ ಕಟ್ಟೆಯ ಮೇಲೆ ಕಾಕುವಿನ ಇಬ್ಬರು ಅಣ್ಣಂದಿರು, ಅವಳ ತವರೂರು ಮೇಲವಂಕಿಯವರು, ಕೈಕಟ್ಟಿ ಕೂತಿದ್ದರು. ತಂಗಿಯ ಮನೆಗೆ ಅವರು ಕಾಲಿಟ್ಟು ವರ್ಷಗಳೇ ಆಗಿದ್ದವು. ಹಬ್ಬಕ್ಕೆ ಕರೆದಾಗಲೆಲ್ಲ ಕುರಿ ಬಿಟ್ಟು ಬರಲಾಗುವುದಿಲ್ಲ ಎನ್ನುವುದೇ ಉತ್ತರ. ಅಂದು ಕುರಿಗಳು ತಮ್ಮನ್ನು ತಾವೇ ಕಾಯ್ದುಕೊಂಡಿದ್ದವು.

ಕಾಕಾ ನನ್ನನ್ನು ಒಳಗೆ ಫೋನಿನ ಹತ್ತಿರ ಕರೆದೊಯ್ದ. "ಮ್ಯಾಲಿಂದ ಮ್ಯಾಲ ಫೋನ್ ಬಂತಪಾ. ನಾ ಏನ್ ಕೇಳಿದ್ರೂ ಮಾತಿಲ್ಲ. ಸಣ್ಣಗ ಕುಂಯ್ ಅಂತಾರ, ಸುಮ್ನಾಗ್ತಾರ. ಹೇಳಾಕ ಅವರಿಗೂ ಬಾಯಿ ಬರವಲ್ದು."

ನಮ್ಮ ಕಡೆ ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಯಾರೂ ಹೇಳುವುದಿಲ್ಲ. ಜೀವ ಹೋಗಿದ್ದರೂ 'ಸ್ವಲ್ಪ ಆರಾಮಿಲ್ಲ, ಬಂದ ಹೋಗ್ರಿ' ಎನ್ನುತ್ತೇವೆ. ಹೇಳದೆ ಬಿಟ್ಟದ್ದನ್ನು ಅರ್ಥ ಮಾಡಿಕೊಂಡು ರೂಢಿಯಾದ ಕಾಕಾ, ಕಾಕುವಿಗೆ ಉಳಿಗಾಲವಿಲ್ಲ ಎಂದುಕೊಂಡು, ಮೇಲವಂಕಿಗೂ 'ಬಂದ ಹೋಗ್ರಿ' ಎಂದಷ್ಟೇ ತಿಳಿಸಿದ್ದ. ಫ್ಯಾಕ್ಸಿಗೆ ಮಾತು ಬರುವುದಿಲ್ಲ, ಎತ್ತದೆ ಬಿಟ್ಟರೆ ಕಾಗದ ಕೊಡುತ್ತದೆ ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ ಮತ್ತೆ ರಿಂಗಾಯಿತು. ಅವನ ಕೈ ತಾನಾಗಿ ಮೇಲೆದ್ದಿತು. ಹಿಡಿದುಕೊಂಡೆ.

ರಿಂಗ್ ನಿಂತ ಮೇಲೆ ನಮ್ಮ ಮನೆಗೆ ಹೋಗಿ ಕಾಗದ ತಂದೆ. ಓದಲು ಹೆದರಿಕೆಯಾಗಿತ್ತು, ಆದರೂ ಎಲ್ಲರೆದುರು ಓದಿದೆ. ಬರೀ ಕೊಬ್ಬಿನ ಗಂಟು, ಭಯವಿಲ್ಲ. ಕಾಕಾ ಗೋಡೆಗೆ ಒರಗಿ ಅತ್ತ. ಅಣ್ಣಂದಿರು ದೇವರಿಗೆ ಕೈ ಮುಗಿದು, ಚಪ್ಪಲಿ ಮೆಟ್ಟತೊಡಗಿದರು. ಕುರಿ ನೆನಪಾಗಿರಬೇಕು.

ಕಾಕು ತಾಟು ಹಿಡಿದು ಬಾಗಿಲಿಗೆ ಬಂದಳು.

"ಉಂಡ ಹೋಗ್ರಿ," ಎಂದಳು. "ಇನ್ನೊಮ್ಮಿ ನೀವು ಬರೂ ಹೊತ್ತಿಗೆ ಬಡಸಾಕ ನಾ ಇರೂದಿಲ್ಲ."

ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದರು.