ಮೂರನೆಯ ಸಾಲಿನ ಚೀಲಗಳು

ಸಣ್ಣ ಮಳೆ ಹನಿಯುವಂಥ ಸದ್ದು. ಹೊರಗೆ ಮಳೆಯಿರಲಿಲ್ಲ. ಎಡೆಲ್ಮಿರಾಳ ಅಡುಗೆಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ, ತಂತಿಗೆ ತೂಗುಹಾಕಿದ ನಾನೂರು ಪ್ಲಾಸ್ಟಿಕ್ ಚೀಲಗಳೊಳಗೆ ನಾನೂರು ಹುಳುಗಳು ಎಲೆ ತಿನ್ನುತ್ತಿದ್ದವು. ಅವುಗಳ ಹಿಕ್ಕೆ ಚೀಲದ ತಳಕ್ಕೆ ಬೀಳುವ ಸದ್ದು ಅದು. ಹತ್ತೊಂಬತ್ತು ವರ್ಷದಿಂದ ಆ ಸದ್ದು ಕೇಳುತ್ತಲೇ ಅವಳು ಬೆಳಗಿನ ಬೆಲ್ಲದ ನೀರು ಕಾಯಿಸುತ್ತಿದ್ದಳು. ಈಚೆಗೆ ಮೂರನೆಯ ಸಾಲಿನ ಸದ್ದು ಮಾತ್ರ ತೆಳುವಾಗಿತ್ತು. ಅದು ಅವಳಿಗೆ ಹಿಡಿಸಲಿಲ್ಲ.

ಮೊದಲು ಅವಳು ಹಾಲು ಕರೆಯುವ ಕೆಲಸದಲ್ಲಿದ್ದಳು. ಕೀತೋ ನಗರದಿಂದ ಬಂದ ವಿಜ್ಞಾನಿ, ಎಲ್ಲರೂ ಗೌರವದಿಂದ ದೊತೋರಾ ಎನ್ನುವ ಗ್ರೀಸೆಲ್ದಾ, ಚೀಲ ಹೊರಲು ಜನ ಬೇಕೆಂದಾಗ ಕಾಡು ಹತ್ತಿದವಳು, ಅವರಿಗಿಂತ ಮೊದಲು ತಾನೇ ಹುಳು ಕಂಡಳು. ಅಂದಿನಿಂದ ಅದೇ ಕೆಲಸ. ಹುಳುವನ್ನು ಎಲೆಸಮೇತ ಕಿತ್ತು ಚೀಲಕ್ಕೆ ಹಾಕುವುದು, ಚೀಟಿ ಬರೆದು ಪುಸ್ತಕದಲ್ಲಿ ದಾಖಲಿಸುವುದು, ಅದೇ ಎಲೆ ತಿನ್ನಿಸಿ ಕಾಯುವುದು. ಕೆಲವದರಿಂದ ಪತಂಗ ಬರುತ್ತಿತ್ತು. ಕೆಲವದರಿಂದ, ಹುಳುವಿನೊಳಗೇ ಮೊಟ್ಟೆಯಿಟ್ಟುಹೋದ ಕಣಜದ ಮರಿಗಳು ಅದನ್ನು ಒಳಗಿಂದ ತಿಂದು ಮುಗಿಸಿ ಹೊರಬರುತ್ತಿದ್ದವು.

ಕಾಡುಮೆಣಸಿನ ಗಿಡ ಎರಡು ಬಗೆ: ಒಂದರ ಎಲೆ ನುಣುಪು, ಇನ್ನೊಂದಕ್ಕೆ ಸಣ್ಣ ರೋಮ. ಎರಡರ ಮೇಲೂ ನೋಡಲು ಒಂದೇ ಥರದ ಹುಳು. ಆದರೆ ನುಣುಪೆಲೆಯ ಹುಳುವಿನಿಂದ ಹಳದಿ ಕಾಲಿನ ಕಣಜ ಬಂದರೆ ರೋಮದೆಲೆಯದರಿಂದ ಕಪ್ಪು ಕಾಲಿನದು. ಇದನ್ನು ಮೊದಲು ಗಮನಿಸಿದವಳು ಎಡೆಲ್ಮಿರಾ. ದೊತೋರಾ ನಂಬಲು ಮೂರು ವರ್ಷ ಹಿಡಿಯಿತು. ನಂಬಿದ ಮೇಲೆ ತಮ್ಮ ಬದುಕಿನ ಕೆಲಸವನ್ನೆಲ್ಲ ಅದರ ಮೇಲೆ ಕಟ್ಟಿದರು.

ಈಗ ಮೂರನೆಯ ಸಾಲಿನಲ್ಲಿ, ರೋಮದೆಲೆ ಎಂದು ಚೀಟಿಯಿದ್ದ ಮೂರು ಚೀಲಗಳಲ್ಲಿ ಹಳದಿ ಕಾಲಿನ ಕಣಜಗಳು ಬಂದಿದ್ದವು.

"ಬೇಜಾರು ಮಾಡ್ಕೋಬೇಡಿ, ಎಡೆಲ್ಮಿರಾ," ಎಂದರು ದೊತೋರಾ ಫೋನಿನಲ್ಲಿ. "ಈಗ ಚೀಲ ಅದಲುಬದಲಾಗಿದ್ರೆ ಹಿಂದೆನೂ ಆಗಿರಬಹುದು ಅಂತಾರೆ ಉಳಿದ ವಿಜ್ಞಾನಿಗಳು. ಆಗ ನಿಮ್ಮ ಹತ್ತೊಂಬತ್ತು ವರ್ಷದ ಪುಸ್ತಕಗಳಲ್ಲಿ ಒಂದನ್ನೂ ನಾನು ಬಳಸೋ ಹಾಗಿಲ್ಲ. ಶನಿವಾರ ಬರ್ತೀನಿ."

"ನನ್ನ ಕೈಯಿಂದ ಅದಲುಬದಲಾಗಲ್ಲ, ದೊತೋರಾ."

"ಮತ್ತೆ ಯಾರ ಕೈಯಿಂದ?"

ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗುಳಿಯಿತು. ಶೆಡ್ಡಿಗೆ ಬರುವ ಇನ್ನೊಬ್ಬನೆಂದರೆ ಸೆಗುಂದೋ, ದಿನಾ ಹುಳುಗಳಿಗೆ ಎಲೆ ತರುವವನು; ಚೀಲ ಬಿಚ್ಚಿ ಎಲೆ ಹಾಕುವವಳು ಮಾತ್ರ ಅವಳೇ. ಅವನ ಮಗಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಕೂಸನ್ನು ಎತ್ತಿಕೊಂಡವಳು ಎಡೆಲ್ಮಿರಾ. ಅಂದಿನಿಂದ ಅವನು ಅವಳಿಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ಆದರೂ, "ಕೊಮಾದ್ರೆಗೆ ವಯಸ್ಸಾದ ಮೇಲೆ ಶೆಡ್ಡು ಯಾರಿಗೆ?" ಎಂದು ಹೋದ ವರ್ಷ ದೊತೋರಾರನ್ನು ಅವನು ಕೇಳಿದ್ದು ಈಗ ನೆನಪಾಯಿತು.

ಅವಳು ತನ್ನ ತಲೆಗೂದಲಿನ ಒಂದೊಂದು ಎಳೆಯನ್ನು ಮೂರನೆಯ ಸಾಲಿನ ಚೀಲಗಳ ಗಂಟುಗಳಲ್ಲಿ ಸಿಕ್ಕಿಸಿಟ್ಟಳು. ಮರುದಿನ ಎರಡು ಎಳೆ ಇರಲಿಲ್ಲ. ನೆಲದ ಮೇಲೆ ಬೂಟಿನ ಕೆಸರಿತ್ತು.

"ಕೊಂಪಾದ್ರೆ, ನಿನ್ನೆ ನಾನಿಲ್ದಾಗ ಶೆಡ್ಡಿಗೆ ಬಂದಿದ್ರಾ?" ಎಂದು ಊಟದ ಹೊತ್ತಿಗೆ ಕೇಳಿದಳು.

"ಇಲ್ವಲ್ಲ. ಯಾಕೆ, ಹುಳಗಳು ನನ್ನ ಕೇಳ್ತಿದ್ವಾ?"

"ಬೂಟಿನ ಕೆಸರು ಕೇಳ್ತಿತ್ತು."

"ಪೊಲೀಸ್ ಆಗಬೇಕಿತ್ತು ನೀವು! ಕೋಳಿ ಸಾರು ಆರ್ತಾ ಇದೆ, ಉಣ್ಣಿ ಮೊದಲು."

ನಕ್ಕನೇನೋ ನಿಜ. ಕಣ್ಣು ಮಾತ್ರ ತಟ್ಟೆಯಿಂದ ಮೇಲೇಳಲಿಲ್ಲ. ಆ ವಾರವೆಲ್ಲ ಅವಳು ಅವನ ಹೆಜ್ಜೆ ಲೆಕ್ಕ ಹಾಕಿದಳು. ಅವನು ತಂದ ಎಲೆಗಳನ್ನು ಎರಡೆರಡು ಸಲ ನೋಡಿದಳು. ಒಂದೂ ತಪ್ಪಿರಲಿಲ್ಲ. ತಪ್ಪಿಲ್ಲದಿರುವುದೇ ಅವಳ ಅನುಮಾನವನ್ನು ಹೆಚ್ಚಿಸಿತು.

ಶುಕ್ರವಾರ ಬೆಳಿಗ್ಗೆ ಅವಳು ಅಟ್ಟದಿಂದ ಬಿಸ್ಕತ್ತಿನ ಡಬ್ಬ ಇಳಿಸಿದಳು. ಹುಳು ತಂದ ಮರುಬೆಳಿಗ್ಗೆ ಚೀಲದ ತಳದ ಚಿಟಿಕೆ ಹಿಕ್ಕೆಯನ್ನು ಕಾಗದದಲ್ಲಿ ಮಡಿಸಿ, ನಂಬರು ಬರೆದು ಎತ್ತಿಡುವುದು ಅವಳ ಅಭ್ಯಾಸ. ಮೊದಲ ದಿನದ ಹಿಕ್ಕೆ ಕಾಡಿನ ಊಟದ್ದು, ಆಮೇಲಿನದು ಮನೆಯ ಊಟದ್ದು. ಸೆಗುಂದೋ ಅದನ್ನು 'ಕೊಮಾದ್ರೆಯ ಕರಿಮೆಣಸು' ಎಂದು ಹಾಸ್ಯ ಮಾಡುತ್ತಿದ್ದ. ರೋಮದೆಲೆ ತಿಂದ ಹುಳುವಿನ ಹಿಕ್ಕೆಯಲ್ಲಿ ಬಿಳಿ ರೋಮ ಉಳಿದಿರುತ್ತದೆ. ಆ ಮೂರು ಪೊಟ್ಟಣಗಳಲ್ಲಿ ರೋಮ ಕಂಡರೆ ಅವಳ ಚೀಟಿ ಸರಿ, ಆಮೇಲೆ ಚೀಲ ಬದಲಿಸಿದ್ದು ಸೆಗುಂದೋ.

ಭೂತಗನ್ನಡಿ ಹಿಡಿದಳು. ರೋಮವಿರಲಿಲ್ಲ. ಆ ಹುಳುಗಳನ್ನು ತಂದ ವಾರದಿಂದೀಚೆಗೆ ರೋಮದೆಲೆ ಎಂದು ಬರೆದ ಉಳಿದ ನಾಲ್ಕು ಪೊಟ್ಟಣಗಳಲ್ಲೂ ಇರಲಿಲ್ಲ. ಹುಳುಗಳು ಬಂದಿದ್ದೇ ನುಣುಪೆಲೆಯಿಂದ. ಚೀಟಿಯ ಮೇಲಿದ್ದುದು ಅವಳದೇ ಅಕ್ಷರ.

ಅವಳು ತನ್ನ ಬಲಗೈ ನೋಡಿಕೊಂಡಳು. ಆ ವಾರಕ್ಕೆ ಸ್ವಲ್ಪ ಮೊದಲು ಕುದಿಯುವ ಬೆಲ್ಲದ ಪಾಕ ಚೆಲ್ಲಿ ಮೂರು ಬೆರಳ ತುದಿ ಬೆಂದಿತ್ತು. ಮಂಜಿನಲ್ಲಿ ಒದ್ದೆಯಾದ ಎಲೆಯನ್ನು ಅವಳು ಎಂದೂ ಕಣ್ಣಿನಿಂದ ಗುರುತಿಸಿದವಳಲ್ಲ. ಬೆರಳಿನಿಂದ ಸವರುತ್ತಿದ್ದಳು. ಹಿತ್ತಲಿಗೆ ಹೋಗಿ ಕಣ್ಣು ಮುಚ್ಚಿ ಅಲ್ಲಿ ಬೆಳೆದಿದ್ದ ಎರಡೂ ಬಗೆಯ ಗಿಡಗಳನ್ನು ಮುಟ್ಟಿದಳು. ಎಡಗೈಗೆ ಎರಡು ಎಲೆ. ಬಲಗೈಗೆ ಒಂದೇ: ಗಾಯದ ಒರಟಿಗೆ ಎರಡೂ ರೋಮದೆಲೆಯೇ.

ಒಲೆ ಇನ್ನೂ ಉರಿಯುತ್ತಿತ್ತು. ಏಳು ಪೊಟ್ಟಣ. ಅದಕ್ಕೆ ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೆಗುಂದೋ ಮೇಲಿನ ಅನುಮಾನ ಸೆಗುಂದೋ ಮೇಲೆಯೇ ಉಳಿಯುತ್ತಿತ್ತು. ಅವಳು ಏಳನ್ನೂ ಮತ್ತೆ ಮಡಿಸಿಟ್ಟು ಡಬ್ಬದ ಮುಚ್ಚಳ ಹಾಕಿದಳು.

ಶನಿವಾರ ದೊತೋರಾ, ಎಡೆಲ್ಮಿರಾ ಅಟ್ಟದಿಂದ ಇಳಿಸಿಕೊಟ್ಟ ಹಳೆಯ ಹನ್ನೊಂದು ಡಬ್ಬಗಳಿಂದ ತಮಗೆ ತೋಚಿದ ಪೊಟ್ಟಣಗಳನ್ನು ತೆಗೆದು, ಪುಸ್ತಕದ ಪಕ್ಕ ಇಟ್ಟು ನೋಡುತ್ತ ಹೋದರು. ಅರವತ್ತನ್ನೂ ದಾಟಿದರು. ಚೀಟಿಗೂ ಹಿಕ್ಕೆಗೂ ಎಲ್ಲೂ ತಾಳೆ ತಪ್ಪಲಿಲ್ಲ.

"ಈ ಏಳು ನನ್ನ ತಪ್ಪು. ಬೆರಳು ಸುಟ್ಟಿತ್ತು," ಎಂದಳು ಎಡೆಲ್ಮಿರಾ.

"ಇವನ್ನೆಲ್ಲ ಎತ್ತಿಟ್ಟಿದೀನಿ ಅಂತ ಒಂದಿನಾನೂ ಹೇಳಲಿಲ್ವಲ್ರೀ!"

"ಹಿಕ್ಕೆ ಕೂಡಿಡ್ತೀನಿ ಅಂತ ಯಾರ ಹತ್ರ ಹೇಳ್ಕೊಳ್ಲಿ, ದೊತೋರಾ?"

ದೊತೋರಾ ಏಳು ಸಾಲುಗಳನ್ನು ಮಾತ್ರ ಹೊಡೆದುಹಾಕಿ ಪುಸ್ತಕ ಮುಚ್ಚಿದರು.

ಹೊರಗೆ ಸೆಗುಂದೋ ಬೂಟು ಕೊಡವುತ್ತಿದ್ದ.

"ಕೊಂಪಾದ್ರೆ, ನಾನು ಇಷ್ಟು ದಿನ ನೀವೇ ಅಂತ..."

"ಗೊತ್ತು. ನನ್ನ ಬೂಟಿನ ಮೇಲೆ ನನ್ನ ಹೆಂಡ್ತಿನೂ ಅಷ್ಟು ಕಣ್ಣಿಟ್ಟಿಲ್ಲ."

"ಮತ್ತೆ ಶೆಡ್ಡಿಗೆ ಬಂದಿಲ್ಲ ಅಂದಿದ್ದು ಸುಳ್ಳಾ?"

"ಬಂದಿದ್ದೆ. ಮೂರನೇ ಸಾಲಿನವು ಸರಿಯಾಗಿ ತಿಂತಿರಲಿಲ್ಲ. ಚೀಟಿ ನೋಡಿ ರೋಮದೆಲೆಯದೇ ಎಳೇ ಎಲೆ ಹಾಕ್ದೆ. ಹೇಳಿದ್ರೆ, ನನ್ನ ಚೀಲ ಯಾಕೆ ಮುಟ್ಟಿದ್ರಿ ಅಂತ ಬೈತಿದ್ರಿ."

"ಬೈತಿದ್ದೆ," ಎಂದು ಒಪ್ಪಿಕೊಂಡಳು. ಖಾಲಿ ಚೀಲಗಳ ಕಟ್ಟನ್ನು ಬಲಗೈಗೆ ತೆಗೆದುಕೊಂಡು, ಎಡಗೈ ಬಿಡುವು ಮಾಡಿಕೊಂಡು ಕಾಡಿನ ಕಾಲುದಾರಿ ಹಿಡಿದಳು. ಅವನು ಬರುತ್ತಿದ್ದಾನೋ ಇಲ್ಲವೋ ಎಂದು ತಿರುಗಿ ನೋಡಲಿಲ್ಲ. "ಬೆರಳು ನೆಟ್ಟಗಾಗೋವರೆಗೂ ನಾನು ಮುಟ್ಟಿದ ಎಲೇನ ನೀವೂ ಒಂದ್ಸಲ ಮುಟ್ಟಿ ನೋಡಿ, ಇಬ್ಬರಿಗೂ ಒಂದೇ ಅನ್ನಿಸಿದ್ರೆ ಮಾತ್ರ ಚೀಟಿ ಬರೆಯೋಣ, ಅನ್ನಿಸದೇ ಇದ್ರೆ ಆ ಹುಳಾನ ಅಲ್ಲೇ ಬಿಟ್ಟು ಬರೋಣ, ಕೊಂಪಾದ್ರೆ."