ನಾಲ್ಕು ಕಿಟಕಿಗಳಲ್ಲಿ ಒಂದು ಸುತ್ತುಮೆಟ್ಟಿಲು

ಬೆಳಕು ಹರಿಯುವ ಹೊತ್ತು. ಬೀದಿಯಲ್ಲಿ ಹಾಲಿನ ಗಾಡಿ ಬಿಟ್ಟರೆ ಬೇರೆ ಸದ್ದಿಲ್ಲ. ಎರಡನೇ ಮಹಡಿಯ ನಕ್ಷೆ ಕಚೇರಿಯಲ್ಲಿ ಒಬ್ಬ ಹೆಂಗಸು ಕುರ್ಚಿಯನ್ನು ತುಸು ಎಡಕ್ಕೆಳೆದು, ತಲೆ ಓರೆ ಮಾಡಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಎದುರು ಕಟ್ಟಡದ ಗಾಜಿನಿಂದ ಬಿಸಿಲು ಪರದೆಗೆ ರಾಚುವ ಮುನ್ನ ಒಂದಿಷ್ಟು ಕೆಲಸ ಮುಗಿಯಬೇಕು.

ಪರದೆಯೋ ಅಂಗೈಯಗಲ ಎನ್ನಬೇಕು, ಅಷ್ಟು ಚಿಕ್ಕದು. ಅದನ್ನೇ ಅವರು ನಾಲ್ಕು ಪಾಲು ಮಾಡಿದ್ದಾರೆ. ಒಂದರಲ್ಲಿ ಸುತ್ತುಮೆಟ್ಟಿಲು ಮೇಲಿನಿಂದ ಕಾಣುತ್ತದೆ, ಇನ್ನೊಂದರಲ್ಲಿ ಎದುರಿನಿಂದ, ಮತ್ತೊಂದರಲ್ಲಿ ಪಕ್ಕದಿಂದ, ಕೊನೆಯದರಲ್ಲಿ ಓರೆಯಾಗಿ. ಒಂದು ಕಿಟಕಿಯಲ್ಲಿ ಶುರುವಾದ ಗೆರೆ ಇನ್ನೊಂದರಲ್ಲಿ ಹೋಗಿ ಮುಗಿಯುತ್ತದೆ. ಸಲಕರಣೆಗಳ ಪಟ್ಟಿಗಳನ್ನೆಲ್ಲ ಮುಚ್ಚಿ, ಆ ಜಾಗವನ್ನೂ ಚಿತ್ರಕ್ಕೇ ಬಿಟ್ಟುಕೊಟ್ಟಿದ್ದಾರೆ. ಎಡಗೈ ಕೀಲಿಗಳ ಮೇಲೆ ತಾಳ ತಪ್ಪದೆ ಓಡುತ್ತದೆ. ಕಚೇರಿಯವರೆಲ್ಲ ಅವರನ್ನು ಕರೆಯುವುದು ಕಿಟಕಿಯಕ್ಕ ಎಂದೇ.

ಕಳೆದ ವರ್ಷ ಕಾಯಿಲೆಯೊಂದು ಅವರ ಎಡಗಣ್ಣಿನ ದೃಷ್ಟಿಯನ್ನು ಒಯ್ದಿತು. "ಮೊದಮೊದಲು ಲೋಟಕ್ಕೆ ನೀರು ಹಾಕಿದ್ರೆ ಮೇಜಿಗೆ ಬೀಳೋದು" ಎಂದು ನಗುತ್ತಾರೆ. ಮಗಳದು ಬೇರೆಯೇ ದೂರು: "ಅಮ್ಮ ಅಡುಗೆಮನೆ ಡಬ್ಬಗಳನ್ನೆಲ್ಲ ಬಲಗಡೆಗೆ ಜರುಗಿಸಿದಾಳೆ. ಅಪ್ಪನಿಗೆ ಇವತ್ತಿಗೂ ಸಕ್ಕರೆ ಸಿಕ್ಕಿಲ್ಲ, ಕಾಫಿಗೆ ಉಪ್ಪು ಹಾಕ್ಕೊಂಡು ಕುಡೀತಾರೆ."

ಕಚೇರಿಯ ಯಜಮಾನರು ಕರುಣೆಯಿಂದಲೇ ಒಂದು ಮಾತು ಹೇಳಿದರಂತೆ. ನಕ್ಷೆ ಬಿಡಿಸುವ ಕೆಲಸ ಸಾಕು, ಇನ್ನು ನಕ್ಷೆ ಅಚ್ಚು ಹಾಕುವ ಕೋಣೆ ನೋಡಿಕೊಳ್ಳಿ, ಕಣ್ಣಿಗೆ ಸುಖ ಎಂದು. ಆ ಮಾತಿಗೆ ಅಕ್ಕನ ಉತ್ತರ ಹೀಗಿತ್ತು: "ಸಾರ್, ಪರದೆ ಮುಂದೆ ಎರಡು ಕಣ್ಣಿದ್ದೋರೂ ಒಕ್ಕಣ್ಣರೇ. ಅದು ಚಪ್ಪಟೆ, ಆಳ ಯಾರಿಗೂ ಕಾಣಲ್ಲ. ಅದಕ್ಕೇ ತಾನೇ ನಾಲ್ಕು ಕಿಟಕಿ ಇಡೋದು? ಒಂದು ಕೆಲಸ ಕೊಟ್ಟು ನೋಡಿ. ನಾನು ಬಿಡಿಸಿದ್ದು ಸರಿಯಾಗಿ ಜಾಗದಲ್ಲಿ ಕೂರದಿದ್ರೆ ನಾನೇ ಎದ್ದು ಅಚ್ಚಿನ ಕೋಣೆಗೆ ಹೋಗ್ತೀನಿ."

ಸಿಕ್ಕಿದ ಕೆಲಸ ಸುಲಭದ್ದಲ್ಲ. ಹಳೆಯ ಹಿಟ್ಟಿನ ಗಿರಣಿಯೊಂದು ಗ್ರಂಥಾಲಯವಾಗುತ್ತಿದೆ. ಮೂಟೆ ಎತ್ತಲು ಅದರ ಎರಡು ಮಹಡಿಗಳ ನೆಲದಲ್ಲಿ ಕೊರೆದಿದ್ದ ಕಿಂಡಿಗಳ ಮೂಲಕವೇ ಕಬ್ಬಿಣದ ಸುತ್ತುಮೆಟ್ಟಿಲು ಇಳಿಯಬೇಕು. ಆ ಕಿಂಡಿಗಳಾದರೂ ಒಂದರ ಮೇಲೊಂದು ನೇರವಾಗಿಲ್ಲ. ಮೇಲಿನಿಂದ ನೋಡಿದರೆ ಎಲ್ಲ ಸರಿ, ಪಕ್ಕದಿಂದ ನೋಡಿದರೆ ಹಿಡಿಕಂಬಿ ತೊಲೆಗೆ ತಾಗುತ್ತದೆ. ಒಂದು ಕಿಟಕಿಯಲ್ಲಿ ತುಸು ಜರುಗಿಸಿ, ಉಳಿದ ಮೂರರಲ್ಲಿ ಏನಾಯಿತೆಂದು ನೋಡಿ, ಮತ್ತೆ ಜರುಗಿಸಿ, ವಾರಗಟ್ಟಲೆ ಇದೇ ಧ್ಯಾನ.

ಕಬ್ಬಿಣದ ಕಾರ್ಖಾನೆಗೆ ಹೋಗುವುದು ಮೆಟ್ಟಿಲಿನ ನಿಜವಾದ ಅಳತೆಯ ಹಾಳೆ. ಅದನ್ನು ತಗಡಿನ ಮೇಲೆ ಹಾಸಿಯೇ ಕತ್ತರಿಸುತ್ತಾರೆ. ಕಂಪ್ಯೂಟರಿನಲ್ಲಿ ಆ ಹಾಳೆಯ ಮೇಲಿನ ಪ್ರತಿ ಕಿಟಕಿಗೂ ಅಳತೆ ಕದಲದಂತೆ ಬೀಗ ಹಾಕಬೇಕು. ಬೀಗ ಮರೆತು, ಹತ್ತಿರದಿಂದ ನೋಡೋಣವೆಂದು ಮೌಸಿನ ಗಾಲಿ ತಿರುಗಿಸಿದರೋ, ಚಿತ್ರ ಸದ್ದಿಲ್ಲದೆ ಉಬ್ಬುತ್ತದೆ, ಬರೆದ ಅಂಕಿ ಮಾತ್ರ ಹಾಗೇ ಇರುತ್ತದೆ. ಅಕ್ಕನಿಗೂ ಹಾಗೇ ಆಯಿತು. ಬೀಗದ ಗುರುತು ಇದ್ದದ್ದು ಪರದೆಯ ಎಡ ತುದಿಯಲ್ಲಿ, ಅವರಿಗೆ ಕಾಣದ ಮಗ್ಗುಲಲ್ಲಿ.

"ಮೇಲಿನ ಚಿತ್ರದ ಅಂಚೂ ಕೆಳಗಿನ ಚಿತ್ರದ ಅಂಚೂ ಒಂದೇ ಗೆರೇಲಿ ಬರ್ಬೇಕು. ಬರ್ಲಿಲ್ಲ, ಕೂದಲೆಳೆಯಷ್ಟು ಆಚೆ" ಎನ್ನುತ್ತಾರೆ. ಹಾಳೆ ಕಾರ್ಖಾನೆಗೆ ಹೊರಡುವ ಮುನ್ನವೇ ತಿದ್ದಿದರು. ಬೀಗದ ಗುರುತನ್ನು ಅಂದೇ ಬಲಕ್ಕೆ ತಂದಿಟ್ಟುಕೊಂಡರು.

ಕೊನೆಗೂ ಆ ಮೆಟ್ಟಿಲನ್ನು ಗಿರಣಿಯೊಳಗೆ ಇಳಿಸುವ ದಿನ ಬಂತು. ಪರದೆ ಆರಿಸಿ ಅಕ್ಕ ಗಿರಣಿಗೆ ಬರುತ್ತಾರೆ, ಜೊತೆಗೆ ಯಜಮಾನರು. ಚಾವಣಿಯ ತಗಡು ತೆಗೆದಿದ್ದಾರೆ. ಸರಪಳಿ ರಾಟೆಯಲ್ಲಿ ಮೆಟ್ಟಿಲು ತೂಗುತ್ತಿದೆ.

"ಅಕ್ಕಾ, ಕೂರದಿದ್ರೆ ಇದನ್ನ ನಿಮ್ಮನೆ ಅಟ್ಟಕ್ಕೇ ಹಾಕ್ಕೊಳ್ಬೇಕು ನೋಡಿ" ಎಂದು ವೆಲ್ಡರ್ ಮೇಲಿನಿಂದ ಕೂಗುತ್ತಾನೆ.

"ನಮ್ಮನೇಲಿ ಅಟ್ಟ ಇಲ್ವೋ. ಮೊದಲು ಅದನ್ನ ಕಟ್ಟಿಕೊಡು!"

ಸರಪಳಿ ಕಿರುಗುಡುತ್ತದೆ. ಮೊದಲ ಕಿಂಡಿ ದಾಟಿತು. ಎರಡನೆಯದರ ಬಳಿ ಮೆಟ್ಟಿಲು ಅರೆಸುತ್ತು ತಿರುಗಿ, ತೊಲೆಯ ಮಗ್ಗುಲಲ್ಲೇ ನುಸುಳಿ ಇಳಿಯುತ್ತದೆ. ಬುಡ ನೆಲ ಮುಟ್ಟಿದ ಸದ್ದು ಗಂಟೆಯಂತೆ ಗಿರಣಿ ತುಂಬುತ್ತದೆ. ವೆಲ್ಡರ್ ಓಡಿಬಂದು ಮಂಡಿಯೂರಿ, ತೂತಿನೊಳಗೆ ಬೋಲ್ಟು ಬಿಡುತ್ತಾನೆ. ಸುತ್ತಿಗೆಯ ಮಾತೇ ಇಲ್ಲ, ಬೆರಳಲ್ಲೇ ತಿರುಗುತ್ತದೆ. "ಕೂತ್ಕೊಂತು! ಎಳ್ಳಷ್ಟೂ ಆಚೀಚೆ ಇಲ್ಲ!" ಕೆಲಸಗಾರರ ಶಿಳ್ಳೆಗೆ ತೊಲೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರುತ್ತವೆ.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಅಚ್ಚಿನ ಕೋಣೆಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಮ್ಮಾ. ನೀವು ಆ ಕುರ್ಚಿ ಬಿಟ್ಟು ಏಳ್ಬೇಡಿ."

ಅಕ್ಕ ತಲೆಯಾಡಿಸಿ, ಬೋಲ್ಟುಗಳು ಬಿಗಿಯಾದ ಮೇಲೆ ತುದಿಯವರೆಗೆ ಹತ್ತುತ್ತಾರೆ. ಕಣ್ಣು ಹೋದಾಗಿನಿಂದ ಯಾವ ಮೆಟ್ಟಿಲು ಇಳಿಯುವಾಗಲೂ ಅವರು ಕಾಲಿನಿಂದ ತಡವಿ ತಡವಿ ಇಳಿಯುವವರು. ಈಗ ಹಿಡಿಕಂಬಿಯನ್ನೂ ಹಿಡಿಯದೆ, ತಲೆಯೆತ್ತಿಕೊಂಡು, ಸರಸರ ಸುತ್ತಿ ಬರುತ್ತಿದ್ದಾರೆ.

"ಅಕ್ಕಾ, ಜೋಪಾನ, ನೋಡ್ಕೊಂಡು!" ವೆಲ್ಡರ್ ಗಾಬರಿಯಿಂದ ಕೈಚಾಚುತ್ತಾನೆ.

"ನೋಡೋದೇನು? ಒಂದೊಂದೂ ನಾನೇ ಇಟ್ಟಿದ್ದಲ್ವಾ" ಎನ್ನುತ್ತಾ ಅವರು ನೆಲಕ್ಕೆ ಕಾಲಿಡುತ್ತಾರೆ.