ಎರಡು ಮನೆ ನಡುವಿನ ಸ್ವರ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಮದುವೆ ಅಂದರೆ ಆರತಕ್ಷತೆಗೆ ಆರ್ಕೆಸ್ಟ್ರಾ ಇರಲೇಬೇಕಿತ್ತು. ಪಾಂಡವಪುರದ ಅಂಥದೊಂದು ತಂಡದಲ್ಲಿ ನಾನು ಮಿಮಿಕ್ರಿಯವನು. ಗಾಯಕಿ ನೀರು ಕುಡಿಯುವಷ್ಟು ಹೊತ್ತು ಜನ ಊಟಕ್ಕೆ ಎದ್ದು ಹೋಗದಂತೆ ತಡೆಯುವುದು ನನ್ನ ಕೆಲಸ. ಕಿಕ್ಕೇರಿ ಬಸ್ಸು ಗೇರು ಬೀಳದೆ ಗೋಳಾಡುವುದು, ಸಂತೆಬಾಚಹಳ್ಳಿಯಲ್ಲಿ ಕೋಳಿಯೂ ಕೋಳಿ ಮಾರುವವಳೂ ಒಟ್ಟಿಗೆ ಕೂಗುವುದು, ಹೆಣ್ಣು ನೋಡಲು ಹೋದ ನಾನೇ ಉಪ್ಪಿಟ್ಟು ಗಂಟಲಿಗೆ ಸಿಕ್ಕಿಸಿಕೊಂಡು ಮಾವನಾಗಬೇಕಿದ್ದವರ ಮೇಲೆ ಕೆಮ್ಮಿದ್ದು, ಎಲ್ಲವನ್ನೂ ಮಾಡುತ್ತಿದ್ದೆ.

ನಾಗಮಂಗಲದ ಒಂದು ಮದುವೆಯಲ್ಲಿ ಬಾಯಿಚಪಲಕ್ಕೆ ನಮ್ಮ ಪಿಟೀಲು ಮೇಷ್ಟ್ರನ್ನೇ ಹಿಡಿದೆ. ಅವರಿಗೆ ಅರವತ್ತು ದಾಟಿತ್ತು. ಕಮಾನು ಎಳೆಯುವಾಗ ಕಣ್ಣು ಮುಚ್ಚಿ ತುಟಿ ಮುಂದೆ ಮಾಡುತ್ತಿದ್ದರು. ಆ ತುಟಿಗೆ ಎಣ್ಣೆ ಕಾಣದ ಗಾಡಿ ಚಕ್ರದ ಕೀರಲು ಸೇರಿಸಿ ತೋರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ನಕ್ಕರು. ನಗದೆ ನಿಂತವರು ತಂಡದ ಯಜಮಾನರೊಬ್ಬರೇ.

ವಾಪಸು ಬರುವಾಗ ಟೀ ಅಂಗಡಿಯ ಹತ್ತಿರ ವ್ಯಾನು ನಿಂತಿತು. ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

“ಪಿಟೀಲು ನಿನ್ನ ಬಾಯಲ್ಲೂ ಬತ್ತದೆ, ಕೀಬೋರ್ಡಲ್ಲೂ ಬತ್ತದೆ. ಇನ್ನ ಆ ವಯ್ಯಂಗೆ ವ್ಯಾನಲ್ಲಿ ಒಂದು ಸೀಟು ಯಾಕ್ಲಾ?”

“ನಾನು ತಮಾಸೆಗೆ ಮಾಡ್ದೆ ಯಜಮಾನ್ರೆ.”

“ನೀನು ತಮಾಸೆಗೆ ಮಾಡ್ದೆ, ನಂಗೆ ಗ್ಯಾನ ಬಂತು. ಕೆ.ಆರ್. ಪೇಟೆ ಮದ್ವೆ ಮುಗೀಲಿ, ಸಾಕು ಅಂದ್ಬುಡ್ತೀನಿ.”

ಮೇಷ್ಟ್ರು ಅತ್ತ ಬೆಂಚಿನ ಮೇಲೆ ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು. ಅವತ್ತಿನಿಂದ ನನಗೆ ಊಟ ಸೇರಲಿಲ್ಲ. ಸೇರಲಿಲ್ಲ ಅಂದರೆ, ಮೂರು ಮುದ್ದೆ ಎರಡಾಯಿತು. ಒಬ್ಬರ ಅನ್ನ ಕಿತ್ತುಕೊಂಡ ಬಾಯಿಗೆ ಅದೂ ಹೆಚ್ಚೇ.

ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ಶ್ರೀರಂಗಪಟ್ಟಣದಿಂದ ಗೆಳೆಯನೊಬ್ಬ ಬಂದ. ಗಲ್ಫಿನಲ್ಲಿ ಡ್ರೈವರ್, ರಜೆಗೆ ಬಂದವನು. ಅವನ ಜೇಬಿನಲ್ಲಿ ಈಜಿಪ್ಟಿನ ವಾದ್ಯವೃಂದದ ಕ್ಯಾಸೆಟ್ಟಿತ್ತು.

“ಹೊಟ್ಟೆ ಕುಣ್ಸೋ ಡ್ಯಾನ್ಸಿಗೆ ನುಡಿಸೋದು ಭಾಯಿ. ಒಂದು ಪಿಟೀಲಲ್ಲ, ಸಾಲುಸಾಲು. ಮೊದ್ಲು ಅವರೇ ಬಾರಿಸ್ತಾರೆ, ಸ್ಟೇಜು ಖಾಲಿ. ಜನ ಕಾದು ಕಾದು ಸುಸ್ತಾದ್ಮೇಲೆ ಆಯಮ್ಮ ಬರ್ತಾಳೆ.”

ಸಾಲು ಪಿಟೀಲು ಅನ್ನುವ ಮಾತೇ ನನಗೆ ಸಾಕಾಯಿತು. ಪಿಟೀಲಿಲ್ಲದೆ ನಡೆಯದ ಒಂದು ಐಟಂ ಇದ್ದರೆ ಮೇಷ್ಟ್ರೂ ಇರಬೇಕಲ್ಲ. ಹೊಸ ಕಾಮಿಡಿ, ನಾನೇ ಹೆಣ್ಣುವೇಷ ಹಾಕಿ ಹೊಟ್ಟೆ ಕುಣಿಸುತ್ತೇನೆ ಎಂದು ಯಜಮಾನರನ್ನು ಒಪ್ಪಿಸಿದೆ. ಕುಣಿಸಲು ಹೊಟ್ಟೆಯೇ ಇರಲಿಲ್ಲ, ಅದು ಬೆನ್ನಿಗೆ ಅಂಟಿಕೊಂಡಿತ್ತು. ಆ ಚಿಂತೆ ಆಮೇಲಿನದು.

ಪಾಂಡವಪುರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ನಮ್ಮ ಅಭ್ಯಾಸ. ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿದೆವು. ಪಿಟೀಲುಗಳೆಲ್ಲ ಒಟ್ಟಿಗೆ ಏರಿ, ನಿಂತು, ಒಂದೇ ಒಂದು ಪಿಟೀಲು ನಿಧಾನವಾಗಿ ಮಾತಾಡತೊಡಗಿತು. ಮೇಷ್ಟ್ರು ಕೈ ಎತ್ತಿದರು.

“ನಿಲ್ಸಲಾ. ಸೆಲ್ಲು ಓಗವೆ, ಸ್ರುತಿ ಇಳೀತಾ ಅದೆ.”

ಹೊಸ ಸೆಲ್ಲು ತಂದೆ. ಅದೇ ಸ್ವರ, ಅದೇ ಇಳಿತ. ಸೆಲ್ಲು ತೆಗೆದು ಕರೆಂಟಿಗೆ ಹಾಕಿದೆ. ಆಗಲೂ ಅದೇ. ಮೇಷ್ಟ್ರು ಟೇಪಿಗೆ ಕಿವಿ ಇಟ್ಟು ನಾಲ್ಕು ಸಲ ಕೇಳಿದರು. ಆಮೇಲೆ ಪಿಟೀಲಿನ ಮೇಲೆ ಬೆರಳನ್ನು ಕೂದಲೆಳೆಯಷ್ಟು ಸರಿಸಿ ಹುಡುಕಿದರು.

“ಸಾಧಾರಣ ಗಾಂಧಾರ ಅಲ್ಲ, ಅದ್ಕಿಂತ ಮ್ಯಾಲೆ. ಅಂತರ ಗಾಂಧಾರನೂ ಅಲ್ಲ, ಅದ್ಕಿಂತ ಕೆಳಗೆ. ಎರಡು ಮನೆ ನಡುವೆ ಗೋಡೆ ಮ್ಯಾಲೆ ಕೂತದೆ ಕಣ್ಲಾ ಇದು.”

ಕೀಬೋರ್ಡಿನವನು ಬಿಳಿ ಮನೆ ಒತ್ತಿದ, ಕಪ್ಪು ಮನೆ ಒತ್ತಿದ. ಎರಡೂ ಅದಲ್ಲ. ಕೀಬೋರ್ಡಿಗೆ ಬಾರದ ಸ್ವರ ಸಿಕ್ಕಿತೆಂದು ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಮೇಷ್ಟ್ರು, “ಬೋ ದಿನ ಆದ್ಮೇಲೆ ಒಸ್ದೇನೋ ಕಲೀತಾವ್ನಿ” ಎಂದು ನಕ್ಕಾಗ ನಾನು ಮುಖ ತಪ್ಪಿಸಿ ಟೇಪು ಹಿಂದಕ್ಕೆ ಸುತ್ತತೊಡಗಿದೆ. ಇದು ಯಾತಕ್ಕೆ ಎಂದು ಅವರಿಗೆ ಗೊತ್ತಿರಲಿಲ್ಲ. ಹೇಳುವ ಧೈರ್ಯ ನನಗಿರಲಿಲ್ಲ.

ಕೆ.ಆರ್. ಪೇಟೆಯ ಛತ್ರದಲ್ಲಿ, ಸಂಜೆ, ಅತ್ತಿಗೆಯ ಲಂಗ ಉಟ್ಟು ಸೊಂಟಕ್ಕೆ ತಗಡಿನ ಬಿಲ್ಲೆಗಳ ಪಟ್ಟಿ ಕಟ್ಟಿ ಪರದೆ ಹಿಂದೆ ನಿಂತೆ. ಮೇಷ್ಟ್ರು ಶುರು ಮಾಡಿದರು. ಸ್ಟೇಜು ಖಾಲಿ. ಯಾರೋ, “ಮಾಡೋರು ಎಲ್ಲೋದ್ರಲಾ?” ಅಂದರು. ಇನ್ನೂ ಕಾಯಬೇಕಿತ್ತು, ನನ್ನಿಂದಾಗಲಿಲ್ಲ, ನುಗ್ಗಿಬಿಟ್ಟೆ. ಜನ ನಕ್ಕರು. ಆಮೇಲೆ ಆ ಒಂಟಿ ಪಿಟೀಲಿನ ಜಾಗ ಬಂತು.

ಮೇಷ್ಟ್ರ ಬೆರಳು ಗೋಡೆ ಮೇಲೆ ಕೂತಿತು. ಕೀಬೋರ್ಡಿನವನು ಎಂದಿನ ಅಭ್ಯಾಸಕ್ಕೆ ತನ್ನ ಮನೆ ಒತ್ತಿದ. ಎರಡೂ ಸೇರಿ ಹಲ್ಲಿನ ಮೇಲೆ ಚಮಚ ಎಳೆದಂತಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ಕಿವಿಗೆ ಬೆರಳಿಟ್ಟರು. ಯಜಮಾನರು ಮುಖ ಗಂಟಿಕ್ಕಿದರು. ನಾನು ಇಷ್ಟು ದಿನ ಓಡಾಡಿದ್ದೆಲ್ಲ ಮೇಷ್ಟ್ರು ಅಪಸ್ವರ ನುಡಿಸುತ್ತಾರೆಂದು ಮೈಕಿನಲ್ಲಿ ರುಜುವಾತು ಮಾಡುವುದಕ್ಕೇ ಅನ್ನಿಸಿ ಕಾಲು ನಡುಗಿದವು. ನಡುಗುವ ಸೊಂಟಕ್ಕೆ ಜನ ಚಪ್ಪಾಳೆ ತಟ್ಟಿದರು, ಅದು ಕಲೆ ಅಂದುಕೊಂಡು.

ಕುಣಿಯುತ್ತ ಹೋಗಿ ಕೀಬೋರ್ಡಿನವನ ಎರಡೂ ಕೈ ಹಿಡಿದು ಎಳೆದುಕೊಂಡೆ. “ಬುಡ್ಲಾ ನನ್ನ,” ಅಂತ ಅವನು ಹಲ್ಲು ಕಡಿದ. ಬಿಡಲಿಲ್ಲ. ಅವನನ್ನು ಗಂಡನ ಹಾಗೆ ಸುತ್ತಿಸಿದೆ. ಹಿಂದೆ ಪಿಟೀಲೊಂದೇ ಉಳಿಯಿತು. ಆ ಸ್ವರ ಒಬ್ಬಂಟಿಯಾಗಿ ನಿಂತಾಗ ಕಿವಿಗೆ ಬೆರಳಿಟ್ಟವರು ಬೆರಳು ತೆಗೆದರು. ಮೇಷ್ಟ್ರು ಕಣ್ಣು ಮುಚ್ಚಿಯೇ ಇದ್ದರು.

ಇಳಿದು ಬಂದಾಗ ಯಜಮಾನರು ಕಾದಿದ್ದರು.

“ಕೀಬೋರ್ಡು ಯಾಕ್ಲಾ ಅಂಗೆ ಅರಚ್ತು?”

ಕೀಬೋರ್ಡಿನವನು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

“ಮಂಡ್ಯಕ್ಕೆ ಕಳ್ಸಿ ರಿಪೇರಿ ಮಾಡ್ಸು. ರಿಪೇರಿ ಆಗೋಗಂಟ ಮೇಷ್ಟ್ರು ಇರ್ಲಿ,” ಎಂದರು ಯಜಮಾನರು.

ಏನೂ ಕೆಡದ ಕೀಬೋರ್ಡನ್ನು ರಿಪೇರಿಯವನು ಎಷ್ಟು ದಿನ ಇಟ್ಟುಕೊಳ್ಳುತ್ತಾನೆ? ವ್ಯಾನಿನಲ್ಲಿ ನನಗೆ ಅದೇ ಲೆಕ್ಕ. ಮೇಷ್ಟ್ರು ಪಕ್ಕದಲ್ಲಿ ಕೂತು ಪಿಟೀಲಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡರು.

“ಏನಂದ್ರಲಾ ಯಜಮಾನ್ರು?”

“ಶನಿವಾರ ನಾಗಮಂಗಲ ಅಂದ್ರು ಮೇಷ್ಟ್ರೆ.”

ಅದಾದ ಮೇಲೆ ಎಲ್ಲಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಯಾರ ದನಿಯಲ್ಲಿ ಉತ್ತರ ಕೊಡುತ್ತಿದ್ದೆನೋ, ಗೊತ್ತಿಲ್ಲ.